ಸೀಲ್ ಒಡೆಯದ ಮಾಲು

ಹಳೆಯ ವಿಡಿಯೋ ಪ್ಲೇಯರನ್ನು ಹೊಸದೆಂದು ಮಾರುತ್ತಾರೆ ಎಂದು ಇಂಟರ್‌ನೆಟ್ಟಿನಲ್ಲಿ ಅಂಗಡಿಯ ರಿವ್ಯೂ ಬರೆದಿದ್ದ ಹುಡುಗಿ, ತಾನು ಕೊಂಡಿದ್ದ ಪ್ಲೇಯರನ್ನು ಬದಲಿಸಿಕೊಳ್ಳಲು ಅಲ್ಲಿಗೇ ಬಂದು ನಿಂತಿದ್ದಳು.

“ಎಷ್ಟು ಓದಿದೀಯಮ್ಮಾ?” ಅಂಗಡಿಯವನು ಎಲ್ಲರಿಗೂ ಕೇಳುವಂತೆ ಕೇಳಿದ.

“ಏಳನೇ ಕ್ಲಾಸು.”

“ಅಷ್ಟಕ್ಕೇ ನನ್ನ ಮರ್ಯಾದೆ ತೆಗೆಯೋಕೆ ಹೊರಟಿದೀಯಾ? ಸೀಲ್ ಒಡೆಯದ ಮಾಲು ಅದು. ಮೊದಲು ಬರೆದಿದ್ದನ್ನ ಅಳಿಸು, ಆಮೇಲೆ ಮಾತು.”

“ಇದ್ರಲ್ಲಿ ಮೊದಲೇ ಒಂದು ವಿಡಿಯೋ ಇತ್ತು, ಸಾರ್.”

“ಸ್ಯಾಂಪಲ್ಲಿಗೆ ಅಂತ ಕಂಪನಿಯವರೇ ಹಾಕಿರ್ತಾರೆ. ಅಷ್ಟೂ ಗೊತ್ತಿಲ್ಲ ಇವಳಿಗೆ.” ಗಿರಾಕಿಗಳು ನಕ್ಕರು.

ಅವಳು ತಲೆ ತಗ್ಗಿಸಿಕೊಂಡೇ ಗುಂಡಿ ಒತ್ತಿ, ಪ್ಲೇಯರನ್ನು ಗಿರಾಕಿಗಳ ಕಡೆ ತಿರುಗಿಸಿ ಹಿಡಿದಳು. ಅದರಲ್ಲೊಂದು ಗೃಹಪ್ರವೇಶ ನಡೆದಿತ್ತು. ಹೊಸ್ತಿಲು ದಾಟಲು ಒಲ್ಲದ ಹಸುವನ್ನು ರೇಷ್ಮೆ ಪಂಚೆಯುಟ್ಟು ಎಳೆಯುತ್ತಿದ್ದ ಮನೆಯ ಯಜಮಾನ, ಈ ಅಂಗಡಿಯವನೇ.