ಅಜ್ಜಿ ಎಳೆದುಕೊಂಡು ಹೋದ ಬಾಗಿಲು

ಅರಸೀಕೆರೆಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸುಲೋಚನಮ್ಮ ಹದಿನೆಂಟು ವರ್ಷ ಆಪರೇಟರ್ ಆಗಿದ್ದರು.

ಬೇರೆ ಊರಿಗೆ ಮಾತಾಡಬೇಕಾದರೆ ಆಪರೇಟರೇ ತಂತಿ ಜೋಡಿಸಿಕೊಡಬೇಕಾದ ಟ್ರಂಕ್ ಕಾಲ್ ಕಾಲ ಅದು... ಊರಿನವರ ಹುಟ್ಟು, ಸಾವು, ಕೂಡಿಬಂದ ಸಂಬಂಧ, ಮುರಿದುಬಿದ್ದ ಸಂಬಂಧ, ಎಲ್ಲವೂ ಅವರ ಕೈಯ ತಂತಿಯಲ್ಲೇ ಹಾದುಹೋಗುತ್ತಿದ್ದವು.

ಎರಡೂ ಕಡೆಯವರು ಸಿಕ್ಕ ಕೂಡಲೇ "ಮಾತಾಡಿ" ಎನ್ನುವುದು... ಆಮೇಲೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಳ್ಳುವುದು.

ಬೇಕೆಂದರೆ ಕದ್ದು ಕೇಳಬಹುದಿತ್ತು. ಒಂದು ದಿನವೂ ಕೇಳಲಿಲ್ಲ.

ರಿಟೈರ್ ಆದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮನೆಯಲ್ಲಿ ಯಾರ ಫೋನ್ ರಿಂಗ್ ಆದರೂ ಅವರು ಎದ್ದು, ಬಾಗಿಲು ಎಳೆದುಕೊಂಡು, ಅಂಗಳದ ದಾಸವಾಳದ ಗಿಡದ ಹತ್ತಿರ ಹೋಗಿ ನಿಲ್ಲುತ್ತಿದ್ದರು.

"ಎಕ್ಸ್‌ಚೇಂಜ್ ಮುಚ್ಚಿ ಎಷ್ಟು ವರ್ಷ ಆಯ್ತಮ್ಮ... ನಿನ್ನ ಡ್ಯೂಟಿ ಮಾತ್ರ ಇನ್ನೂ ಮುಗಿದಿಲ್ಲ ನೋಡು" ಎಂದು ಮಗಳು ಶೈಲಾ ನಗುತ್ತಿದ್ದಳು.

ಶೈಲಾಳ ಮಗಳು ಇಂಪನಾ. ಹತ್ತನೇ ಕ್ಲಾಸು. ಆನ್‌ಲೈನ್ ಪಾಠಕ್ಕೆಂದು ಅವಳಿಗೊಂದು ಫೋನ್ ಬಂತು... ಫೋನಿನ ಜೊತೆಗೇ ಮನೆಗೆ ಜಗಳವೂ ಬಂತು.

ಮಗಳಿಗೆ ಬರುವ ಮೆಸೇಜುಗಳೆಲ್ಲ ತನಗೂ ಕಾಣುವಂತೆ ಶೈಲಾ ಒಂದು ಆ್ಯಪ್ ಹಾಕಿಸಿದಳು. ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನ್ ಕೇಳುತ್ತಿದ್ದಳು.

ಫೋನ್ ಕೊಟ್ಟ ದಿನವೇ ಒಂದು ಮಾತೂ ಹೇಳಿದ್ದಳು. ಏನಾದರೂ ತಪ್ಪು ಕಂಡರೆ ಫೋನೂ ಇಲ್ಲ, ಸ್ಕೂಲೂ ಇಲ್ಲ ಎಂದು.

ಸುಲೋಚನಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. "ಅವಳ ವಯಸ್ಸಲ್ಲಿ ನೀನೂ ಡೈರಿ ಬರೀತಿದ್ದೆ. ನಾನು ಒಂದಿನ ಮುಟ್ಟಿದ್ನೇನೆ?"

ಶೈಲಾ ಕೈಯಲ್ಲಿದ್ದ ಮಗಳ ಫೋನನ್ನು ಮೇಜಿನ ಮೇಲಿಟ್ಟಳು.

"ಆ ಡೈರಿಯೊಳಕ್ಕೆ ಹೊರಗಿನವರು ಯಾರೂ ಬರೋಕೆ ಆಗ್ತಿರ್ಲಿಲ್ಲ ಅಮ್ಮ."

ಇಬ್ಬರೂ ಸೋಲಲಿಲ್ಲ. ಇಬ್ಬರ ಮಾತಿನಲ್ಲೂ ಸತ್ಯವಿತ್ತು... ಅದೇ ಕಷ್ಟ.

ದಸರಾ ರಜೆ ಮುಗಿದ ಮೇಲೆ ಇಂಪನಾ ಒಂದು ಹೊಸ ಅಭ್ಯಾಸ ಮಾಡಿಕೊಂಡಳು. ಸ್ಕೂಲಿನಿಂದ ಬಂದವಳು ತನ್ನ ರೂಮಿಗೆ ಹೋಗುತ್ತಿರಲಿಲ್ಲ. ಅಜ್ಜಿಯ ಮಂಚದ ತುದಿಗೆ ಬಂದು ಕೂರುತ್ತಿದ್ದಳು.

ಸರಿಯಾಗಿ ಐದು ಗಂಟೆಗೆ ಅವಳಿಗೊಂದು ಕರೆ ಬರುತ್ತಿತ್ತು.

ಸುಲೋಚನಮ್ಮ ಎಂದಿನಂತೆ ಏಳುತ್ತಿದ್ದರು. ಬಾಗಿಲು ಎಳೆದುಕೊಂಡು ಅಂಗಳಕ್ಕೆ ಹೋಗುತ್ತಿದ್ದರು.

ಒಳಗೊಳಗೇ ಅವರಿಗೆ ಹೆಮ್ಮೆ... ಅಮ್ಮನ ಕಾವಲಿಲ್ಲದ ಜಾಗ ಎಂದೇ ಮಗು ನನ್ನ ರೂಮಿಗೆ ಬರುತ್ತದೆ ಎಂದು.

ಒಂದು ದಿನ ಏಳುವಾಗ ಸೆರಗು ಎಲ್ಲೋ ಸಿಕ್ಕಿಕೊಂಡಂತಾಯಿತು. ನೋಡಿದರೆ ಮೊಮ್ಮಗಳ ಕೈ.

"ಅಜ್ಜಿ... ಇಲ್ಲೇ ಇರು. ಹೊರಗೆ ಬಿಸಿಲು."

"ಐದು ಗಂಟೆಗೆ ಎಂಥ ಬಿಸಿಲೇ? ನೀನು ಆರಾಮಾಗಿ ಮಾತಾಡ್ಕೋ" ಎಂದು ನಗುತ್ತಾ ಅವಳ ಬೆರಳು ಬಿಡಿಸಿದರು. ಬಾಗಿಲು ಎಳೆದುಕೊಂಡರು.

ಅದಾಗಿ ಹನ್ನೊಂದನೇ ದಿನ ಸ್ಕೂಲಿನಿಂದ ಫೋನ್ ಬಂತು.

ಇಂಪನಾಳ ಮುಖವನ್ನು ಯಾವುದೋ ಕೆಟ್ಟ ಚಿತ್ರಕ್ಕೆ ಅಂಟಿಸಿ ಯಾರೋ ಕ್ಲಾಸಿನ ಗ್ರೂಪಿಗೆ ಕಳಿಸಿದ್ದರು. ಮಗು ಸೈಕಲ್ ಸ್ಟ್ಯಾಂಡಿನ ಮೂಲೆಯಲ್ಲಿ ಮಂಡಿಗೆ ಮುಖ ಒತ್ತಿ ಕೂತಿತ್ತು.

ಕಳಿಸಿದವನು ಫೋನಿನ ಆಟವೊಂದರಲ್ಲಿ ಅವಳಿಗೆ ಪರಿಚಯವಾದವನು. ಕ್ಲಾಸಿನ ಗ್ರೂಪಿನ ಲಿಂಕನ್ನೂ ಅವಳಿಂದಲೇ ಪಡೆದಿದ್ದ. ತನಗೂ ಹದಿನಾರು ವರ್ಷ ಎಂದಿದ್ದನಂತೆ. ಪೊಲೀಸರು ಹಿಡಿದಾಗ ಮೂವತ್ತೆಂಟು ದಾಟಿತ್ತು.

ದಿನಾ ಐದು ಗಂಟೆಗೆ ನನ್ನ ಕರೆ ಎತ್ತಬೇಕು, ಮನೆಯಲ್ಲಿ ಹೇಳಿದರೆ ಚಿತ್ರ ಎಲ್ಲರಿಗೂ ಹೋಗುತ್ತದೆ ಎಂದು ಹೆದರಿಸಿದ್ದ. ಕೊನೆಗೆ ಎರಡು ದಿನ ಅವಳು ಕರೆ ಎತ್ತಲಿಲ್ಲ... ಕಳಿಸಿಬಿಟ್ಟ.

ಶೈಲಾಳ ಆ್ಯಪ್ ಮೆಸೇಜುಗಳನ್ನು ತೋರಿಸುತ್ತಿತ್ತು. ಆಟದೊಳಗಿನಿಂದ ಬರುವ ಕರೆಗಳನ್ನಲ್ಲ.

ಆ ಸಂಜೆ ಹಜಾರದಲ್ಲಿ ತಾಯಿ ಮಗಳು ಒಬ್ಬರ ಮೇಲೊಬ್ಬರು ಹರಿಹಾಯ್ದರು. ನಿನ್ನ ಸ್ವಾತಂತ್ರ್ಯದ ಪಾಠವೇ ಹೀಗೆ ಮಾಡಿದ್ದು ಎಂದು ಶೈಲಾ. ನೀನು ಹೆದರಿಸಿದ್ದಕ್ಕೇ ಅದು ಬಾಯಿ ಬಿಡಲಿಲ್ಲ ಎಂದು ಸುಲೋಚನಮ್ಮ.

ಬಾಗಿಲ ಹತ್ತಿರ ಇಂಪನಾ ನಿಂತಿದ್ದನ್ನು ಇಬ್ಬರೂ ನೋಡಿರಲಿಲ್ಲ.

"ಅಮ್ಮ ಫೋನ್ ನೋಡ್ತಿದ್ಲು" ಎಂದಳು, ಯಾರನ್ನೂ ನೋಡದೆ. "ನೀನು ಎದ್ದು ಹೋಗ್ತಿದ್ದೆ."

ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ನನಗೆ ಹೇಳೋಕೆ ಭಯ ಅಜ್ಜಿ... ಅದಕ್ಕೇ ಪ್ರತಿ ಸಲ ನಿನ್ನ ರೂಮಿಗೇ ಬರ್ತಿದ್ದೆ. ಒಂದಿನ ನೀನು ಎದ್ದು ಹೋಗಲ್ಲ... ಕೇಳಿಸ್ಕೋತೀಯ ಅಂತ."

ಆ ದಿನ ಮೊಮ್ಮಗಳು ಹಿಡಿದಿದ್ದ ಸೆರಗಿನ ತುದಿಯನ್ನು ಸುಲೋಚನಮ್ಮ ಕೈಯಲ್ಲಿ ಹಿಡಿದುಕೊಂಡರು. ಶೈಲಾಳ ಕೈಯಲ್ಲಿ ಮಗಳ ಫೋನ್ ಇತ್ತು... ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮಾರ್ಚ್ ಬಂತು. ಇಂಪನಾ ಪರೀಕ್ಷೆಗೆ ಕೂರಲಿಲ್ಲ. ಊಟ ಮಾಡುತ್ತಾಳೆ, ಕರೆದರೆ ತಿರುಗಿ ನೋಡುತ್ತಾಳೆ... ಮಾತು ಮಾತ್ರ ಬಹಳ ಕಡಿಮೆ.

ಶೈಲಾ ಈಗ ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಮಗಳ ಮುಖ ನೋಡುತ್ತಾಳೆ.

ಐದು ಗಂಟೆಗೆ ಇಂಪನಾ ಇಂದಿಗೂ ಆ ಮಂಚದ ತುದಿಗೆ ಬಂದು ಕೂರುತ್ತಾಳೆ. ಕೈಯಲ್ಲಿ ಫೋನಿಲ್ಲ.

ಸುಲೋಚನಮ್ಮ ಏಳುವುದಿಲ್ಲ. ಅವಳ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹಳೆಯ ಆ ಒಂದೇ ಮಾತನ್ನು ಮೆಲ್ಲಗೆ ಹೇಳುತ್ತಾರೆ.

"ಮಾತಾಡು..."

ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಹದಿನೆಂಟು ವರ್ಷ ಬೇರೆಯವರ ಮಾತಿಗೆ ಕಿವಿಗೊಡದ ಆ ಅಜ್ಜಿ... ಈಗ ಒಂದು ಮೌನವನ್ನು ದಿನಾ ಕಿವಿಗೊಟ್ಟು ಕೇಳುತ್ತಿದ್ದಾರೆ.

~

ಕಾವಲು ಕಾಯುವುದೂ ಪ್ರೀತಿ, ದೂರ ನಿಲ್ಲುವುದೂ ಪ್ರೀತಿ... ಆದರೆ ಹೆದರಿದ ಮಗುವಿಗೆ ಬೇಕಾದದ್ದು, ಪಕ್ಕದಿಂದ ಎದ್ದು ಹೋಗದ ಒಬ್ಬರು.

ಇವತ್ತು ನಿಮ್ಮ ಮನೆಯ ಮಗು ಕಾರಣವೇ ಇಲ್ಲದೆ ನಿಮ್ಮ ಪಕ್ಕ ಬಂದು ಕೂತಿತ್ತಲ್ಲ... ಯಾಕೆ ಎಂದು ಕೇಳಿದಿರಾ?