ಬಾಚಣಿಗೆಯ ಮೇಲಿನ ಹೆಬ್ಬೆರಳು

ಕ್ರಿಸ್ಮಸ್ಸಿಗೆ ಕಿಡಿಯೊ ಎಂಬ ಸುರುಳಿ ಸಿಹಿತಿಂಡಿ ಕರಿಯುವ ವಾಸನೆ ಬಂದರೆ ಈಗಲೂ ನನಗೆ ಕೊಲ್ಲಿ ದೇಶದ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಎದುರುಮನೆಯ ಫ್ರೆಂಚ್ ಅಜ್ಜ ಪ್ಯಾರಿಸ್‌ನಿಂದ ಹಿಡಿದು ಇಲ್ಲಿಯ ಹೋಟೆಲುಗಳವರೆಗೆ ನಲವತ್ತು ವರ್ಷ ಜಾಝ್ ಪಿಯಾನೊ ನುಡಿಸಿದವರು. ಬಲಭಾಗಕ್ಕೆ ಪಾರ್ಶ್ವವಾಯು ಬಡಿದ ಮೇಲೆ ಪಿಯಾನೊದ ಮುಚ್ಚಳ ತೆಗೆಯುವುದನ್ನೇ ಬಿಟ್ಟಿದ್ದರು. ನರ್ಸ್ ಆಗಿದ್ದ ಅಮ್ಮ ಅವರನ್ನು ನಮ್ಮ ಅಡುಗೆಮನೆಯಲ್ಲಿ ಕೂರಿಸಿ, ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆಯಿಟ್ಟು, ಬಲಗೈ ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಲು ಹೇಳಿಕೊಟ್ಟಳು. ಬಹಳ ಹೊತ್ತಿನ ಮೇಲೆ ಒಂದು ಸೊಟ್ಟ ಕಿಡಿಯೊ ಆಯಿತು. ನಾನು ನಕ್ಕೆ.

“ನಗಾಡ್ಬೇಡ. ಆರು ತಿಂಗಳಿಂದ ಆ ಕೈ ಏನೂ ಮಾಡಿರ್ಲಿಲ್ಲ,” ಎಂದ ಅಮ್ಮ ಅವರತ್ತ ತಿರುಗಿ, “ಯಲ್ಲಾ, ಒನ್ ಮೋರ್,” ಎಂದು ಅರಬ್ಬಿ ಬೆರೆಸಿ ಹುರಿದುಂಬಿಸಿದಳು.

ಅವರು ಉಂಡೆ ತೆಗೆದುಕೊಳ್ಳಲಿಲ್ಲ. ಅದೇ ಹೆಬ್ಬೆರಳನ್ನು ಬಾಚಣಿಗೆಯ ಬರಿ ಹಲ್ಲುಗಳ ಮೇಲೆ ಎಳೆದರು. ಮತ್ತೆ ಎಳೆದರು, ಈ ಸಲ ಲಯಕ್ಕೆ ಸರಿಯಾಗಿ. ಎಡಗೈ ಮೇಜು ತಟ್ಟತೊಡಗಿತು.

ಒಲೆಯ ಮೇಲೆ ಕಿಡಿಯೊ ಕರಿಯುತ್ತಿದ್ದ ಎಣ್ಣೆಯ ಸದ್ದಿನಲ್ಲಿ ಅದು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಮ್ಮ ಒಲೆ ಆರಿಸಿದಳು.