ಸೀಸೆಯಲ್ಲಿದ್ದದ್ದು

ಜೈಲಿಗೆ ಬರುವವರು ಗೇಟಿನಲ್ಲಿ ಬಳೆ, ಮೊಬೈಲುಗಳ ಜೊತೆ ತಮಗೆ ಅತಿ ಪ್ರಿಯವಾದ ಒಂದು ನೆನಪನ್ನೂ ಸೀಸೆಗೆ ಒಪ್ಪಿಸಿ ಚೀಟಿ ಪಡೆಯಬೇಕು. ಬಿಡುಗಡೆಯ ದಿನ ಸೀಸೆ ವಾಪಸ್ ಸಿಗುತ್ತದೆ. ಅದರಲ್ಲಿ ಏನಿದೆಯೆಂದು ಬಂಧುಗಳೂ ಕೈದಿಗೆ ಹೇಳುವಂತಿಲ್ಲ. ಅದು ಕಾನೂನು.

ಆರು ವರ್ಷದ ಹಿಂದೆ ಗುರುಬಸವ್ವ ಒಪ್ಪಿಸಿದ ಸೀಸೆ ಉಗ್ರಾಣದಲ್ಲಿ ಬಿದ್ದು ಒಡೆದಿತ್ತು. ಅದಕ್ಕೇ, ಇನ್ನೂ ಕೈದಿಯಾಗಿದ್ದ ಅವಳು ಜೈಲಿನ ಮೇಲೆ ಹೈಕೋರ್ಟಿಗೆ ಹೋಗಿದ್ದಳು. ಮೂರು ಸಲ ವಾಪಸಾದ ಅರ್ಜಿಯನ್ನು ನಾಲ್ಕನೆಯ ಸಲವೂ ತಾನೇ ಕೂತು ಬರೆದಿದ್ದಳು.

"ಕಳೆದುಕೊಂಡದ್ದು ಏನೆಂದೇ ಅರ್ಜಿದಾರಳಿಗೆ ಗೊತ್ತಿಲ್ಲ, ಸ್ವಾಮಿ," ಎಂದರು ಸರ್ಕಾರಿ ವಕೀಲರು. "ಮತ್ತೆ ನಷ್ಟ ಎಲ್ಲಿಂದ ಬಂತು?"

ನ್ಯಾಯಮೂರ್ತಿಗಳು ಅವಳ ಕಡೆ ನೋಡಿದರು. "ಏನಮ್ಮಾ, ಇದಕ್ಕೇನು ಹೇಳ್ತೀರಿ?"

"ನನಗ ಗೊತ್ತಿಲ್ರಿ, ಖರೆ. ಆದ್ರ ನನ್ನ ಕೈಗೆ ಗೊತ್ತೈತಿ. ದಿನಾ ಮುಂಜಾನೆ ಎದ್ದಕೂಡ್ಲೆ ಹಿಂಗ ಮಾಡ್ತಾವ ನೋಡ್ರಿ."

ನಿಂತಲ್ಲೇ ಅವಳು ಗಾಳಿಯನ್ನು ಬೆರಳಿನಿಂದ ಮೂರು ಪಾಲು ಮಾಡಿ, ಒಂದರ ಮೇಲೊಂದು ಹಾಕಿ, ಬಿಗಿಯಾಗಿ ಹೆಣೆಯತೊಡಗಿದಳು. ಎದೆಯ ಮಟ್ಟದಲ್ಲಿ ಶುರುವಾದ ಜಡೆ ಸೊಂಟದ ಹತ್ತಿರ ಮುಗಿಯಿತು. ತುದಿಗೆ ಕಾಣದ ರಿಬ್ಬನ್ನೊಂದನ್ನು ಕಟ್ಟಿದಳು.

"ಇಷ್ಟ ಎತ್ತರದಾಕಿ ಯಾರೋ ಅದಾಳ್ರಿ," ಎಂದು ಎದೆಯ ಮುಂದೆ ಅಂಗೈ ಚಾಚಿದಳು. "ಆಕಿ ಹೆಸರು ನನಗ ಹೇಳಾಕ ಯಾರಿಗರ ಅಪ್ಪಣಿ ಕೊಡ್ರಿ."

ನ್ಯಾಯಮೂರ್ತಿಗಳು ಗುಮಾಸ್ತನಿಗೆ, "ಒಂದು ಟೇಪ್ ತನ್ನಿ. ಎತ್ತರ ದಾಖಲಾಗಲಿ," ಎಂದರು.

ಗುರುಬಸವ್ವ ಚಾಚಿದ ಕೈಯನ್ನು ಅಲುಗಾಡಿಸಲಿಲ್ಲ.

"ಆರು ವರ್ಷದ ಹಿಂದಿನ ಎತ್ತರ ಅಂತ ಬರಕೊಳ್ರಿ. ಈಗ ಬೆಳದಿರ್ತಾಳ."